ಒಣಹುಲ್ಲಿನ ಸಕ್ಕರೆಗೆ ದಾರಿ



ಭತ್ತ ಬಡಿದ ಮೇಲೆ ಉಳಿಯುವ ಹುಲ್ಲಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಆದರೆ ಅಗಿದರೆ ಸಿಹಿ ಹತ್ತುವುದಿಲ್ಲ. ಗ್ಲೂಕೋಸ್ ಅಣುಗಳು ಸಾವಿರಗಟ್ಟಲೆ ಕೊಂಡಿ ಹಾಕಿಕೊಂಡು ಸೆಲ್ಯುಲೋಸ್ ಎಂಬ ಎಳೆಯಾಗಿರುತ್ತವೆ. ಎಳೆಗಳ ಸುತ್ತ ಹೆಮಿಸೆಲ್ಯುಲೋಸ್, ಸಂದುಗೊಂದಿಗಳಲ್ಲೆಲ್ಲ ಗಾರೆ ಮೆತ್ತಿದ ಹಾಗೆ ಲಿಗ್ನಿನ್. ಕೊಂಡಿ ಬಿಡಿಸಬಲ್ಲ ಕಿಣ್ವಕ್ಕೆ ಒಳಗೆ ನುಸುಳಲು ಜಾಗವೇ ಇಲ್ಲ. ಆ ಜಾಗ ಮಾಡಿಕೊಡುವ ಕೆಲಸವೇ ಪೂರ್ವಸಂಸ್ಕರಣೆ. ಹೆಸರು, ಕೀರ್ತಿ ಎಲ್ಲ ಕಿಣ್ವದ ಪಾಲಾಗಿದೆ. ನನ್ನ ಮಟ್ಟಿಗೆ, ಅರ್ಧ ಶ್ರೇಯಸ್ಸು ಈ ಮೊದಲ ಕೆಲಸಕ್ಕೆ ಸಲ್ಲಬೇಕು.

1819ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಹಳೇ ಬಟ್ಟೆಚಿಂದಿಗೆ ಗಂಧಕಾಮ್ಲ ಹಾಕಿ ಸಕ್ಕರೆ ತೆಗೆದು ತೋರಿಸಿದ. ಅಲ್ಲಿಂದ ಬಹುಕಾಲ ಆಮ್ಲದ್ದೇ ಕಾರುಬಾರು. ಬೇರೆ ದಾರಿ ತೋರಿಸಿದ್ದು ದನಗಳ ಹಸಿವು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಮೇವಿಗೆ ತತ್ವಾರ ಬಂತು. ಎರ್ನ್ಸ್ಟ್ ಬೆಕ್‌ಮನ್ ಎಂಬ ರಸಾಯನವಿಜ್ಞಾನಿ ಒಣಹುಲ್ಲನ್ನು ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ, ತೊಳೆದು, ದನಗಳಿಗೆ ಕೊಡುವ ಕ್ರಮ ರೂಪಿಸಿದ. ಕ್ಷಾರಕ್ಕೆ ಲಿಗ್ನಿನ್ನಿನ ಹಿಡಿತ ಸಡಿಲವಾಯಿತು, ಹುಲ್ಲು ಉಬ್ಬಿತು, ಹೆಚ್ಚು ಜೀರ್ಣವಾಯಿತು. ತೊಳೆಯಲು ಮಾತ್ರ ವಿಪರೀತ ನೀರು ಬೇಕಾಗುತ್ತಿತ್ತು. ಹುಲ್ಲಿನ ಸತ್ವದಲ್ಲೂ ಒಂದಿಷ್ಟು ಆ ನೀರಿನ ಜೊತೆಗೇ ಹರಿದುಹೋಗುತ್ತಿತ್ತು.

1920ರ ದಶಕದಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ವಿಲಿಯಂ ಮೇಸನ್ ಸಕ್ಕರೆಯ ಯೋಚನೆಯೇ ಇಲ್ಲದೆ ಇನ್ನೊಂದು ದಾರಿ ಹಿಡಿದ. ಸಾಮಿಲ್ಲಿನಲ್ಲಿ ಹಾಳಾಗುತ್ತಿದ್ದ ಮರದ ಚೂರುಗಳಿಂದ ಹಲಗೆ ಮಾಡುವುದು ಅವನ ಗುರಿ. ಚೂರುಗಳನ್ನು ಗಟ್ಟಿಮುಟ್ಟಾದ ಉಕ್ಕಿನ ಪಾತ್ರೆಗೆ ತುಂಬಿ, ಹಬೆ ಬಿಟ್ಟು ಒತ್ತಡ ಏರಿಸಿ, ಕವಾಟವನ್ನು ಒಮ್ಮೆಲೇ ತೆರೆದ. ನಾರಿನೊಳಗೆ ಸೇರಿದ್ದ ಬಿಸಿನೀರು ಕ್ಷಣಮಾತ್ರದಲ್ಲಿ ಹಬೆಯಾಗಿ ಹಿಗ್ಗಿತು. ಮರ ಒಳಗಿನಿಂದಲೇ ಸಿಡಿದು, ಕಂದು ಬಣ್ಣದ ನಾರಿನ ರಾಶಿಯಾಗಿ ಹೊರಬಿತ್ತು. ಅದನ್ನು ಒತ್ತಿ ಮಾಡಿದ್ದೇ ಮೇಸೊನೈಟ್ ಹಲಗೆ. ಹಬೆಸ್ಫೋಟ ಎಂದು ಇಂದು ಕರೆಯುವ ವಿಧಾನದ ಮೂಲ ಇಲ್ಲಿದೆ.

ಕಿಣ್ವ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ. ಪೆಸಿಫಿಕ್ ದ್ವೀಪಗಳ ಮಳೆ, ಸೆಕೆಯಲ್ಲಿ ಅಮೆರಿಕನ್ ಸೇನೆಯ ಹತ್ತಿಯ ಡೇರೆಗಳು ಕೊಳೆತುಹೋಗುತ್ತಿದ್ದವು. ಸಾಲೊಮನ್ ದ್ವೀಪಗಳ ಬೂಗನ್‌ವಿಲ್‌ನಲ್ಲಿ ಸಿಕ್ಕ ಒಂದು ಬೂಷ್ಟು ಸೆಲ್ಯುಲೋಸ್ ಬಿಡಿಸುವ ಕಿಣ್ವ ಸುರಿಸಿ ಬಟ್ಟೆಯನ್ನೇ ತಿಂದು ಬದುಕುತ್ತಿತ್ತು. ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಎಂಬ ಸೇನಾ ಪ್ರಯೋಗಾಲಯದ ವಿಜ್ಞಾನಿಗಳು ಮುಂದೆ ವರ್ಷಗಟ್ಟಲೆ ಅದರ ಬೆನ್ನುಬಿದ್ದರು. ಬೂಷ್ಟಿಗೆ ಕೊನೆಗೆ ರೀಸ್ ಹೆಸರೇ ಬಂತು: ಟ್ರೈಕೊಡರ್ಮಾ ರೀಸಿಯೈ. ಬಟ್ಟೆ ಉಳಿಸಲು ಶುರುವಾದ ಸಂಶೋಧನೆ, 1970ರ ದಶಕದ ತೈಲ ಬಿಕ್ಕಟ್ಟು ಬಂದಾಗ, ಹುದುಗಿಸಿ ಎಥೆನಾಲ್ ಇಂಧನ ಮಾಡಲು ಸಕ್ಕರೆ ತೆಗೆಯುವ ಸಂಶೋಧನೆಯಾಯಿತು. ಹಳೇ ಪತ್ರಿಕೆಗಳನ್ನು ಗುಂಡುಗಳ ಗಿರಣಿಯಲ್ಲಿ ನುಣ್ಣಗೆ ಅರೆದು ಕಿಣ್ವಕ್ಕೆ ಕೊಟ್ಟರು. ಸಕ್ಕರೆಯೇನೋ ಬಂತು, ಆದರೆ ಅರೆಯಲು ತಗಲುವ ವಿದ್ಯುತ್ ಬಲು ದುಬಾರಿ. ಆಗ ಮೇಸನ್ನನ ಹಬೆಯತ್ತ ಮತ್ತೆ ಕಣ್ಣು ಹೊರಳಿತು, ಜೊತೆಗೆ ಚೂರು ಆಮ್ಲವನ್ನೂ ಬಳಸಿದರು. ಕಾವು ಮಿತಿಮೀರಿದರೆ ಹೆಮಿಸೆಲ್ಯುಲೋಸಿನ ಸಕ್ಕರೆ ಕೆಟ್ಟು ಫರ್ಫ್ಯೂರಾಲ್ ಆಗುತ್ತದೆ, ಅದು ಸಕ್ಕರೆ ಹುದುಗಿಸಬೇಕಾದ ಯೀಸ್ಟಿಗೆ ವಿಷ. ಕಾವು ಕಡಿಮೆಯಾದರೆ ಕಿಣ್ವ ಹೊರಗೇ ಉಳಿಯುತ್ತದೆ. ಈ ಹದ ಹಿಡಿಯುವುದರಲ್ಲೇ ದಶಕಗಳು ಕಳೆದವು.

ಈ ದಾರಿ ಭಾರತಕ್ಕೂ ಬಂದಿದೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಎಥೆನಾಲ್ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ಮಾಡುವುದು ಅದರ ಗುರಿ. ಗದ್ದೆಯಲ್ಲೇ ಹುಲ್ಲು ಸುಟ್ಟು ಊರೆಲ್ಲ ಹೊಗೆ ತುಂಬುವ ಸೀಮೆಯಲ್ಲಿ ಇದು ಚಿಕ್ಕ ಮಾತಲ್ಲ.

ಆದರೆ ಅಷ್ಟೆಲ್ಲ ಯಂತ್ರ, ಒತ್ತಡ ಇಲ್ಲದೆಯೂ ಮೇವಿನ ಹುಲ್ಲಿನ ಪೂರ್ವಸಂಸ್ಕರಣೆ ಹಟ್ಟಿಯ ಪಕ್ಕದಲ್ಲೇ ಆಗುತ್ತದೆ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಲೆಕ್ಕ. ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರಪದರವಾಗಿ ಹರಡುತ್ತ ಚಿಮುಕಿಸಬೇಕು. ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಡಬೇಕು. ಯೂರಿಯಾದಿಂದ ಒಳಗೆ ಹುಟ್ಟುವ ಅಮೋನಿಯಾ ಬೆಕ್‌ಮನ್ನನ ಸೋಡಾ ಮಾಡಿದ ಕೆಲಸವನ್ನೇ ಮಾಡುತ್ತದೆ, ತೊಳೆಯುವ ರಗಳೆಯೂ ಇಲ್ಲ. ಉಳಿದದ್ದನ್ನು ದನದ ಹೊಟ್ಟೆಯ ಸೂಕ್ಷ್ಮಜೀವಿಗಳ ಕಿಣ್ವಗಳು ನೋಡಿಕೊಳ್ಳುತ್ತವೆ. ಬಣವೆಯಿಂದ ಹಿರಿದ ಹುಲ್ಲನ್ನು ಘಾಟು ಹೋಗುವವರೆಗೆ ಗಾಳಿಗೆ ಹರಡಿ, ಆಮೇಲೆ ಹಾಕಿ. ಆರು ತಿಂಗಳು ತುಂಬದ ಕರುಗಳಿಗೆ ಮಾತ್ರ ಕೊಡಬೇಡಿ.