ಎಲ್ಲ ಉಬ್ಬಸವೂ ಆಸ್ತಮಾ ಅಲ್ಲ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶ್ವಾಸಕೋಶದ ಗಡ್ಡೆ ಎಂದ ಕೂಡಲೇ ನಮಗೆ ಬೀಡಿ, ಸಿಗರೇಟು, ಇಳಿವಯಸ್ಸು ನೆನಪಾಗುತ್ತವೆ. ನಾನು ಇಂದು ಹೇಳಲಿರುವ ಕಾರ್ಸಿನಾಯ್ಡ್ ಗಡ್ಡೆ ಬೇರೆ ಜಾತಿಯದು. ಶ್ವಾಸಕೋಶದ ಗಡ್ಡೆಗಳಲ್ಲಿ ಇದು ನೂರಕ್ಕೆ ಒಂದೆರಡು ಮಾತ್ರ. ಬೀಡಿ ಮುಟ್ಟದವರಿಗೂ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೂ ಬರುತ್ತದೆ. ಇದೂ ಕ್ಯಾನ್ಸರೇ, ಆದರೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದ್ದು.

ಆ ನಿಧಾನವೇ ಮೋಸ ಮಾಡುತ್ತದೆ. ಗಡ್ಡೆ ಹೆಚ್ಚಾಗಿ ದೊಡ್ಡ ಶ್ವಾಸನಾಳದೊಳಗೆ, ಬಾಟಲಿಗೆ ಬಿರಡೆ ಹಾಕಿದಂತೆ ಬೆಳೆಯುತ್ತದೆ. ಇಕ್ಕಟ್ಟಿನಲ್ಲಿ ಹಾಯುವ ಗಾಳಿ ಸುಂಯ್ ಎನ್ನುತ್ತದೆ; ಆಸ್ತಮಾ ಎಂದು ಇನ್‌ಹೇಲರ್ ಕೊಡುತ್ತಾರೆ. ಗಡ್ಡೆಯಲ್ಲಿ ರಕ್ತನಾಳಗಳು ಹೆಚ್ಚು, ಹಾಗಾಗಿ ಕಫದಲ್ಲಿ ರಕ್ತ ಬೀಳುತ್ತದೆ. ನಮ್ಮ ದೇಶದಲ್ಲಿ ರಕ್ತ ಕಂಡರೆ ಮೊದಲು ಕ್ಷಯವನ್ನು ಶಂಕಿಸುವುದು ಸರಿಯೇ. ಆದರೆ ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳ ಮಾತ್ರೆ ನುಂಗಿಸಿ ಸುಮ್ಮನಾಗುವುದು ಸರಿಯಲ್ಲ. ಅಷ್ಟರಲ್ಲಿ ಬಿರಡೆಯ ಆಚೆಗಿನ ಶ್ವಾಸಕೋಶ ಕೀವು ತುಂಬಿ ಹಾಳಾಗುತ್ತಿರುತ್ತದೆ.

ಹಾಗಾದರೆ ಗುರುತು? ಸುಂಯ್ ಸದ್ದು ಎದೆಯ ಒಂದೇ ಬದಿಯಲ್ಲಿರುವುದು, ನ್ಯುಮೋನಿಯಾ ಪದೇ ಪದೇ ಅದೇ ಜಾಗಕ್ಕೆ ಬರುವುದು. ಎಕ್ಸ್‌ರೇ ಚೆನ್ನಾಗಿದೆ ಎಂದು ನೆಮ್ಮದಿ ಪಡಬೇಡಿ. ನಾಳದೊಳಗಿನ ಸಣ್ಣ ಗಡ್ಡೆ ಅದರಲ್ಲಿ ಕಾಣದೆ ಇರಬಹುದು. ಸಿ.ಟಿ. ಸ್ಕ್ಯಾನ್ ಬೇಕು, ಬ್ರಾಂಕೋಸ್ಕೋಪಿ ಬೇಕು. ದುರ್ಬೀನಿನಲ್ಲಿ ನುಣುಪಾದ, ಕೆಂಪು ಹಣ್ಣಿನಂಥ ಉಂಡೆ ಕಾಣುತ್ತದೆ. ಅದರ ಚೂರು ತೆಗೆದು ಪರೀಕ್ಷಿಸಬೇಕು. ರಕ್ತ ಸೋರುವ ಸಂಭವವಿರುವುದರಿಂದ ಇದು ನುರಿತ ಕೈಗಳ ಕೆಲಸ.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಹಿಂದೆ ಇಡೀ ಒಂದು ಬದಿಯ ಶ್ವಾಸಕೋಶವನ್ನೇ ತೆಗೆಯುತ್ತಿದ್ದರು. 1947ರಲ್ಲಿ ಲಂಡನ್ನಿನ ಕ್ಲೆಮೆಂಟ್ ಪ್ರೈಸ್ ಥಾಮಸ್ ಅವರ ಬಳಿಗೆ ವಾಯುಪಡೆಯ ತರುಣ ಕೆಡೆಟ್ ಒಬ್ಬ ಇಂಥದೇ ಗಡ್ಡೆಯೊಂದಿಗೆ ಬಂದ. ಶ್ವಾಸಕೋಶ ತೆಗೆದರೆ ಅವನ ವಿಮಾನದ ಕನಸು ಮುಗಿದಂತೆ. ಥಾಮಸ್ ಗಡ್ಡೆಯಿದ್ದ ನಾಳದ ತುಂಡನ್ನಷ್ಟೇ ಕತ್ತರಿಸಿ, ಎರಡು ತುದಿಗಳನ್ನು ಹೊಲಿದು, ಶ್ವಾಸಕೋಶ ಉಳಿಸಿದರು. ಅಂಗಿಯ ತೋಳು ಕತ್ತರಿಸಿ ಜೋಡಿಸಿದಂತೆ ಎಂದು ಇದಕ್ಕೆ 'ಸ್ಲೀವ್' ಶಸ್ತ್ರಕ್ರಿಯೆ ಎಂದು ಹೆಸರು. (ಇದೇ ಥಾಮಸ್ 1951ರಲ್ಲಿ ಆರನೆಯ ಜಾರ್ಜ್ ದೊರೆಯ ಎಡ ಶ್ವಾಸಕೋಶ ತೆಗೆದವರು.)

ಶ್ವಾಸಕೋಶ ಆಗಲೇ ಕೊಳೆತಿದ್ದರೆ ಈ ಕೌಶಲದಿಂದಲೂ ಅದನ್ನು ಉಳಿಸಲಾಗದು. ಬೇಗ ಪತ್ತೆಯಾದರೆ, ಸೌಮ್ಯ ಬಗೆಯದಾದರೆ, ನೂರರಲ್ಲಿ ಸುಮಾರು ತೊಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ಆದರೂ ಅನೇಕ ವರ್ಷಗಳ ನಂತರ ಮರುಕಳಿಸಬಹುದಾದ್ದರಿಂದ ತಪಾಸಣೆ ಬಿಡುವಂತಿಲ್ಲ. ವಿದ್ಯಾರ್ಥಿಗಳಿಗೆ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.