ಕೆಮ್ಮಿನ ಔಷಧಿಯ ಸೀಸೆ



ಕ್ಷಯದಿಂದ ಸತ್ತವರ ಸುದ್ದಿ ಬಂದೊಡನೆ ಪಟ್ಟಣಿಗರಾದ ನಾವು ಆಡುವ ಮಾತು ಒಂದೇ: ಹಳ್ಳಿಯವರು ಅಜ್ಞಾನಿಗಳು, ರೋಗವನ್ನು ಮುಚ್ಚಿಡುವರು. ಈ ಮಾತು ಸುಳ್ಳೆಂಬದು ಕನ್ನಡ ನಾಡಿನಲ್ಲಿಯೇ ಸಿದ್ಧವಾಗಿರುವದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ, ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ರೋಗಿಗಳನ್ನು ಅವರವರ ಮನೆಗಳಲ್ಲಿ ಕಂಡು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ಲೇಖನದಂತೆ, ಸುಮಾರು ಅರ್ಧದಷ್ಟು ಜನ ತಾವಾಗಿಯೇ ದವಾಖಾನೆಯ ಮೆಟ್ಟಿಲೇರಿದ್ದರು. ಬಹುಮಟ್ಟಿಗೆ ದೊರೆತದ್ದೇನು? ಕೆಮ್ಮಿನ ಔಷಧಿಯ ಸೀಸೆ! ಮನೆಯಲ್ಲಿದ್ದು ಔಷಧಿ ತೆಗೆದುಕೊಂಡವರೂ ಸ್ಯಾನಿಟೋರಿಯಮ್ಮಿನವರಂತೆಯೇ ಗುಣವಾಗುವರೆಂದು ಮದರಾಸಿನ ಪ್ರಯೋಗವು ಅಷ್ಟರಲ್ಲಿಯೇ, 1959ರಲ್ಲಿ, ತೋರಿಸಿತ್ತು. ಔಷಧಿಯಿತ್ತು, ರೋಗಿಯೂ ಬಂದಿದ್ದನು, ಕಫವನ್ನು ನೋಡುವವರಿರಲಿಲ್ಲ.

ಕಪ್ಪತಗುಡ್ಡದ ಮಗ್ಗುಲಿನ ಡೋಣಿಯಿಂದ ಕೂಲಿಕಾರನೊಬ್ಬನು ಒಂದು ದಿನದ ಗಳಿಕೆಯನ್ನು ಬಿಟ್ಟು ಮುಂಡರಗಿಗೋ ಗದಗಕ್ಕೋ ಬಂದನೆನ್ನಿರಿ. ಸೀಸೆ ಕೊಟ್ಟು ಕಳಿಸಿದರೆ ಎರಡನೆಯ ಸಲ ಬರುವನೇ? ಅವನ ಮನೆಯ ಮಕ್ಕಳು ಅದೇ ಗಾಳಿಯನ್ನು ಸೇವಿಸುತ್ತಿರುವರು.

ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆಯು ಇಂದು ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ. ಸಾಧಾರಣವಾಗಿ ಆರು ತಿಂಗಳು ನಡೆಯುವ ಔಷಧಿಯೂ ಪುಕ್ಕಟೆ. ಶಿಕ್ಷಕರೇ, ಕೆಮ್ಮುತ್ತ ಬಂದ ಪಾಲಕನನ್ನು ಶಾಲೆಯ ಬಾಗಿಲಲ್ಲಿಯೇ ಕೇಳಿರಿ: "ಕಫ ತೋರಿಸಿದಿರಾ?" ಇಲ್ಲವೆಂದರೆ ಎಲ್ಲಿಗೆ ಹೋಗಬೇಕು, ಏನು ಕೇಳಬೇಕೆಂಬದನ್ನು ಚೀಟಿಯಲ್ಲಿ ಬರೆದು ಕೊಡಿರಿ.