ಗಡಿಯಾರದೊಳಗಿನ ರೆಕ್ಕೆ

ಗಂಟೆ ಬಾರಿಸುವ ಹಳೆಯ ಗೋಡೆ ಗಡಿಯಾರದ ಒಳಗನ್ನು ನೀವು ನೋಡಿದ್ದೀರೋ ಇಲ್ಲವೋ ಕಾಣೆ. ನೋಡಿದ್ದರೆ, ಹಲ್ಲುಚಕ್ರಗಳ ನಡುವೆ ತೆಳು ತಗಡಿನ ಪುಟ್ಟ ರೆಕ್ಕೆಯೊಂದು ಕಣ್ಣಿಗೆ ಬಿದ್ದಿರಬೇಕು. ಗಂಟೆ ಹೊಡೆಯುವಾಗ ಅದು ಭರ್ರನೆ ತಿರುಗುತ್ತದೆ. ಅದಕ್ಕೆ ಎದುರಾಗುವ ಗಾಳಿಯೇ ಕಡಿವಾಣ. ಅದಿಲ್ಲದಿದ್ದರೆ ಹನ್ನೆರಡು ಪೆಟ್ಟುಗಳೂ ಒಂದೇ ಉಸಿರಿಗೆ ಮುಗಿದುಹೋದಾವು. ವಿಮಾನದ ಬಂಧುವೊಬ್ಬ ನಮ್ಮ ನಡುಮನೆಯ ಗೋಡೆಯಲ್ಲೇ ಇದ್ದಾನೆ ಎಂದಾಯಿತಷ್ಟೆ.

ಆಟದ ವಿಮಾನ ಕಟ್ಟುವುದು, ಗಡಿಯಾರ ಬಿಚ್ಚಿ ಜೋಡಿಸುವುದು—ಇವೆರಡೂ ನನ್ನ ಹವ್ಯಾಸಗಳು. ಒಂದು ಹುಚ್ಚು ಸಾಲದೇ ಎಂದು ನಮ್ಮ ಮನೆಯವರು ಕೇಳುವುದುಂಟು. ಎರಡೂ ಒಂದೇ ಹುಚ್ಚೆಂದು ನನಗೆ ತಿಳಿದದ್ದು ಸುತ್ತೂರಿನಲ್ಲಿ.

ಬಿದಿರಿನ ಸೀಳು, ಗಾಳಿಪಟದ ಕಾಗದ, ರಬ್ಬರಿನ ಪಟ್ಟಿ, ಮರದ ಪಂಖ, ಇವಿಷ್ಟೇ ನನ್ನ ವಿಮಾನದ ಸಾಮಗ್ರಿ. ರಬ್ಬರಿಗೆ ಹರಳೆಣ್ಣೆ ಸವರಿ, ನೂರಾರು ಸುತ್ತು ತಿರುಚಿ ಬಿಡಬೇಕು. 1871ರಲ್ಲಿ ಪ್ಯಾರಿಸಿನ ಉದ್ಯಾನವೊಂದರಲ್ಲಿ ಆಲ್ಫೋನ್ಸ್ ಪೆನೋ ಎಂಬಾತ ಹಾರಿಸಿದ್ದೂ ಇಂಥದನ್ನೇ. ಅದು 11 ಸೆಕೆಂಡು ಹಾರಿತು. ರಬ್ಬರಿನಲ್ಲೂ ಗಡಿಯಾರದ ಸ್ಪ್ರಿಂಗಿನಲ್ಲೂ ಕೂಡಿಟ್ಟದ್ದು ನಮ್ಮ ಕೈಯ ಬಲವೇ. ಆದರೆ ರಬ್ಬರು ಸಂಬಳ ಬಂದ ದಿನವೇ ಕಿಸೆ ಖಾಲಿ ಮಾಡುವ ಆಸಾಮಿ. ಸ್ಪ್ರಿಂಗು ತಿಂಗಳುದ್ದ ಎಣಿಸಿ ಖರ್ಚು ಮಾಡುವ ಗೃಹಿಣಿ.

ಸಂಕ್ರಾಂತಿ ಕಳೆದಿತ್ತು. ಕಪಿಲೆಯ ದಡದ ಗದ್ದೆಗಳಲ್ಲಿ ಕೊಯ್ಲಾಗಿತ್ತು. ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಮೇಲೇಳುತ್ತದೆ. ಗರುಡ ರೆಕ್ಕೆ ಬಡಿಯದೆ ಸುತ್ತುವುದು ಆ ಗಾಳಿಯಲ್ಲಿಯೇ. ನನ್ನ ವಿಮಾನವೂ ಅದಕ್ಕೆ ಸಿಕ್ಕಿತು. ರಬ್ಬರು ಬಿಚ್ಚಿ ಮುಗಿದರೂ ಇಳಿಯಲಿಲ್ಲ. ಚುಕ್ಕಿಯಾಗಿ ಹೊಳೆಯಾಚೆ ಮರೆಯಾಯಿತು. ನನ್ನ ಜೊತೆಗಿದ್ದ ಸೋದರಳಿಯನ ಕಣ್ಣಲ್ಲಿ ನೀರು.

ಇದಕ್ಕೊಂದು ಉಪಾಯವುಂಟು. ಬಾಲದ ಹಿಂದಿನ ಅಂಚು ಸರಕ್ಕನೆ ಮೇಲೇಳುವಂತೆ ಎಳೆರಬ್ಬರು ಕಟ್ಟಿ, ದಾರದಿಂದ ಬಿಗಿದಿಡುವುದು. ದಾರ ಬಿಟ್ಟೊಡನೆ ವಿಮಾನ ಹಾರುವುದನ್ನು ಮರೆತು ಮೆಲ್ಲಗೆ ಕೆಳಗಿಳಿಯುತ್ತದೆ. ಆದರೆ ಅಲ್ಲಿ, ಆಕಾಶದಲ್ಲಿ, ದಾರ ಬಿಡುವವರು ಯಾರು? ಹಳಬರು ನಿಧಾನವಾಗಿ ಉರಿಯುವ ಬತ್ತಿಯನ್ನು ಸಿಕ್ಕಿಸುತ್ತಿದ್ದರು. ನಾನೂ ಬತ್ತಿಗೆ ಕಡ್ಡಿ ಗೀರಿದೆ. ಬದುವಿನ ಮೇಲಿದ್ದ ರೈತರೊಬ್ಬರು, “ಏನ್ ಸ್ವಾಮಿ, ಬೆಂಕಿ ಕಟ್ಟಿ ಹುಲ್ಲುಮೆದೆ ಮ್ಯಾಲೆ ಬುಡ್ತೀರಾ?” ಎಂದರು. ಅವರ ವರ್ಷದ ಮೇವು ಅಲ್ಲಿತ್ತು. ನಾಚಿಕೆಯಿಂದ ಬತ್ತಿ ಆರಿಸಿದೆ.

ಅಲಾರಾಂ ಗಡಿಯಾರದ ಯಂತ್ರವನ್ನು ಇಟ್ಟು ನೋಡಿದೆ. ಭಾರಕ್ಕೆ ವಿಮಾನ ಏಳಲೇ ಇಲ್ಲ. ಕೊನೆಗೆ ದಾರಿ ತೋರಿದ್ದು ಸುತ್ತೂರು ಜಾತ್ರೆಯಲ್ಲಿ ಕೊಂಡ, ಕೀಲಿ ಕೊಟ್ಟರೆ ಕುಪ್ಪಳಿಸುವ ಕೋಳಿ. ಅದರ ಕಾಲು ಆಗಲೇ ಮುರಿದಿತ್ತು. ಒಳಗೆ ಹಗುರವಾದ ಹಲ್ಲುಚಕ್ರಗಳು. ಕಡೆಯ ಚಕ್ರವನ್ನು ಹಿಡಿದು ಬಿಡುವ, ಹಿಡಿದು ಬಿಡುವ ಸಣ್ಣ ಕೊಕ್ಕೆ. ಗಡಿಯಾರದವರು ಇದನ್ನೇ ಎಸ್ಕೇಪ್‌ಮೆಂಟ್ ಎನ್ನುತ್ತಾರೆ; ಟಿಕ್ ಟಿಕ್ ಎಂಬುದು ಅದರ ಸದ್ದು. ರೇಡಿಯೋ ಸಂಜ್ಞೆಯಿಂದ ನಡೆಯುತ್ತಿದ್ದ ಮೊದಮೊದಲ ಆಟದ ವಿಮಾನಗಳಲ್ಲಿಯೂ ಚುಕ್ಕಾಣಿ ತಿರುಗಿಸುತ್ತಿದ್ದ ಸಾಧನಕ್ಕೆ ಅದೇ ಹೆಸರು. ಕೊಕ್ಕೆಗೆ ಸೀಸದ ಚೂರೊಂದನ್ನು ಅಂಟಿಸಿದೆ, ಓಲಾಟ ನಿಧಾನವಾಯಿತು. ಚೂರು ಕೂಡಿಸಿ, ಕೆರೆದು, ಒಂದೂವರೆ ನಿಮಿಷಕ್ಕೆ ದಾರ ಬಿಡುವಂತೆ ಹೊಂದಿಸಲು ಮೂರು ರಾತ್ರಿ ಹಿಡಿಯಿತು. (ನೀವು ಗೋಡೆ ಗಡಿಯಾರ ಬಿಚ್ಚುವುದಾದರೆ ಮೊದಲು ಸ್ಪ್ರಿಂಗಿನ ಬಿಗಿಯನ್ನು ಸಡಿಲಿಸಿರಿ, ಬೆರಳುಗಳ ಮೇಲೆ ಅದಕ್ಕೆ ದಯೆಯಿಲ್ಲ.)

ಈಗ ಗುಂಡಿಯಷ್ಟು ಪುಟ್ಟ ವಿದ್ಯುತ್ ಟೈಮರುಗಳು ಸಿಗುತ್ತವೆ, ನಿಜ. ಬೆಂಗಳೂರಿನಲ್ಲಿ 1961ರಲ್ಲಿ ಆರಂಭವಾದ ಎಚ್.ಎಂ.ಟಿ. ಕೈಗಡಿಯಾರದ ಉದ್ಯಮವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಕೀಲಿ ಕೊಡುವ ಗಡಿಯಾರಗಳು ಗುಜರಿ ಸೇರುತ್ತಿವೆ. ಹವ್ಯಾಸಿಗೆ ಅದೇ ಗಣಿ.

ಮತ್ತೆ ಅದೇ ಗದ್ದೆಗೆ ಹೋದೆವು. ವಿಮಾನ ಏರಿತು, ಗಾಳಿಗೆ ಸಿಕ್ಕಿ ಸುತ್ತತೊಡಗಿತು. ಹುಡುಗ ಗಟ್ಟಿಯಾಗಿ ಎಣಿಸುತ್ತಿದ್ದ. ತೊಂಬತ್ತೆರಡಕ್ಕೆ ಬಾಲ ಎದ್ದಿತು. ಎಲೆಯುದುರುವಂತೆ ಇಳಿದು ಮೆದೆಯ ಪಕ್ಕದಲ್ಲೇ ಕುಳಿತಿತು. ಓಡಿಹೋಗಿ ಎತ್ತಿಕೊಂಡ ಅವನು ಅದನ್ನು ಕಿವಿಗೆ ಹಿಡಿದು, “ಮಾವ, ಇನ್ನೂ ಟಿಕ್ ಟಿಕ್ ಅಂತಿದೆ!” ಎಂದು ಅಲ್ಲಿಂದಲೇ ಕೂಗಿದ.